ಮಾವನ ಕಿವಿ ಮತ್ತು ಒಂದು ವರ್ಷದ ಗಡುವು

ಮಾವ ಮನೆಯಲ್ಲಿದ್ದಾರೋ ಇಲ್ಲವೋ ಎಂದು ತಿಳಿಯಲು ಒಳಗೆ ಹೋಗಬೇಕಾಗಿಲ್ಲ, ಗೇಟಿನ ಹತ್ತಿರ ನಿಂತರೆ ಸಾಕು. ಟಿವಿಯ ವಾರ್ತೆ ರಸ್ತೆಗೆ ಕೇಳಿಸುತ್ತಿದ್ದರೆ ಇದ್ದಾರೆ ಎಂದರ್ಥ. ಬಂಟ್ವಾಳ ತಾಲೂಕಿನ ಪುಂಜಾಲಕಟ್ಟೆ ಸಮೀಪದ ಅಜ್ಜಿಮನೆಗೆ ರಜೆಯಲ್ಲಿ ಹೋದಾಗಲೆಲ್ಲ ನಾವು ಮಕ್ಕಳಿಗೆ ಇದೇ ತಮಾಷೆ. ಒಂದು ಮಾತನ್ನು ಮೂರು ಸಲ ಹೇಳಿಸಿಕೊಳ್ಳುವುದು, ಮದುವೆ ಮನೆಯ ಗದ್ದಲದಲ್ಲಿ ಯಾರು ಏನು ಕೇಳಿದರೂ ‘ಹ್ಞಾಂ, ಹ್ಞಾಂ’ ಎಂದು ತಲೆಯಾಡಿಸುವುದು. ‘ಗಲ್ಫಿನ ದುಡ್ಡು ಕಿವಿಗೆ ಅಡ್ಡ ಕೂತಿದೆ’ ಎಂದು ಅತ್ತೆ ನಗುತ್ತಿದ್ದರು. ಮಾವನೂ ನಗುತ್ತಿದ್ದರು. ಬಹುಶಃ ಏನು ಹೇಳಿದರೆಂದು ಕೇಳಿಸದೆಯೇ.

ಅವರು ಹೋಗಿದ್ದು ಗಲ್ಫಿಗೆ ಎಂದೇ ಊರಿಗೆ ಗೊತ್ತು. ಐಟಿಐ ಮುಗಿಸಿ ಬಿ.ಸಿ. ರೋಡಿನಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ ಮಾವ 2009ರಲ್ಲಿ ಮುಂಬಯಿಯ ಏಜೆಂಟನ ಮೂಲಕ ದುಬೈ ವಿಮಾನ ಹತ್ತಿದ್ದು ನಿಜ. ಆದರೆ ದುಬೈಯಲ್ಲಿ ಇದ್ದದ್ದು ಹದಿನೈದು ದಿನ ಮಾತ್ರ. ಆಮೇಲೆ ಇನ್ನೊಂದು ವಿಮಾನ. ಇಳಿದದ್ದು ಅಫ್ಘಾನಿಸ್ತಾನದ ಕಂದಹಾರದಲ್ಲಿ, ಸೇನಾನೆಲೆಯೊಳಗೆ. ಅಲ್ಲಿ ಅವರು ಜನರೇಟರ್ ಯಾರ್ಡಿನ ಎಲೆಕ್ಟ್ರಿಷಿಯನ್. ದಿನಕ್ಕೆ 12 ಗಂಟೆ, ವಾರಕ್ಕೆ ಏಳು ದಿನ, ತಿಂಗಳಿಗೆ 700 ಡಾಲರ್. ಐದು ವರ್ಷ ದುಡಿದು 2014ರಲ್ಲಿ ಊರಿಗೆ ಬಂದರು. ಮನೆ ಆಯಿತು, ತಂಗಿಯ ಮದುವೆ ಆಯಿತು. ಕಂದಹಾರದ ಹೆಸರನ್ನು ಅಜ್ಜಿಯ ಎದುರು ಯಾರೂ ಎತ್ತಲಿಲ್ಲ.

2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನಿನ ಕೈಸೇರಿದಾಗ, ಅಲ್ಲಿನ ಸೇನಾನೆಲೆಗಳಲ್ಲಿ ಕೆಲಸಕ್ಕಿದ್ದ ನಮ್ಮ ಜಿಲ್ಲೆಯವರು ವಾಯುಪಡೆಯ ವಿಮಾನದಲ್ಲಿ ಮರಳಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ‘ನಮ್ಮವರು ಅಲ್ಲಿಗೂ ಹೋಗುತ್ತಾರಾ?’ ಎಂದು ಹಲವರು ಆಶ್ಚರ್ಯಪಟ್ಟರು. ನಮ್ಮ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ತರಗತಿಯಲ್ಲಿ ಬಂದ ನೆನಪು

ನಾನು ವೇಣೂರಿನಿಂದ ದಿನಾ ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ ಬಿಇ ಓದುವವನು, ಎಲೆಕ್ಟ್ರಿಕಲ್ ವಿಭಾಗ, ಐದನೇ ಸೆಮಿಸ್ಟರ್. ಒಂದು ದಿನ ಕೈಗಾರಿಕಾ ಸುರಕ್ಷತೆಯ ಪಾಠದಲ್ಲಿ ಶಬ್ದದ ವಿಷಯ ಬಂತು. ದಿನಕ್ಕೆ ಎಂಟು ಗಂಟೆ ಕೇಳಿಸಿಕೊಳ್ಳಲು ಸುರಕ್ಷಿತ ಎನ್ನುವ ಮಿತಿ 85 ಡೆಸಿಬೆಲ್. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಸಬೇಕು. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು ಗಂಟೆ. 100 ಡೆಸಿಬೆಲ್ ಆದರೆ ಬರೀ 15 ನಿಮಿಷ. ಸರ್ ಉದಾಹರಣೆಗೆ ಹೇಳಿದ್ದು ದೊಡ್ಡ ಡೀಸೆಲ್ ಜನರೇಟರನ್ನೇ.

ಕೊನೆಯ ಬೆಂಚಿನಲ್ಲಿ ಕೂತು ನಾನು ಲೆಕ್ಕ ಹಾಕಿದೆ. 12 ಗಂಟೆ, ಏಳು ದಿನ, ಐದು ವರ್ಷ. ನಾವು ನಕ್ಕದ್ದೆಲ್ಲ ನೆನಪಾಯಿತು.

ಆ ವಾರಾಂತ್ಯ ಅಜ್ಜಿಮನೆಗೆ ಹೋಗಿ ಕೇಳಿದೆ: ‘ಕಿವಿಗೆ ಹಾಕಲು ಏನಾದರೂ ಕೊಡುತ್ತಿದ್ದರಾ?’ ‘ಹತ್ತಿ ಇಟ್ಟುಕೊಳ್ಳುತ್ತಿದ್ದೆವು’ ಎಂದರು ಮಾವ. ‘ಕಂಪೆನಿಯವರಲ್ಲಿ ಹೇಳಲಿಲ್ಲವಾ?’ ‘ಹೇಳಿದರೆ ಮನೆಗೆ ಕಳಿಸುತ್ತಾರೆ. ಅಲ್ಲದೆ ಬರುವಾಗ ಇನ್ನೇನೂ ಬಾಕಿ ಇಲ್ಲ ಎಂದು ಸಹಿ ಹಾಕಿಸಿಕೊಂಡಿದ್ದಾರೆ. ಮುಗಿಯಿತಲ್ಲ.’

ಮುಗಿದಿದೆಯೇ ಎಂದು ಹುಡುಕಲು ಹೊರಟದ್ದೇ ಈ ಬರಹಕ್ಕೆ ಕಾರಣ. ಕಾನೂನು ನನ್ನ ವಿಷಯವಲ್ಲ. ಆದರೆ ಡೇಟಾಶೀಟ್ ಓದುವ ಅಭ್ಯಾಸ ಇದ್ದವರು ಕಾಯ್ದೆಯನ್ನೂ ಓದಬಹುದು, ಎರಡರಲ್ಲೂ ಮುಖ್ಯ ವಿಷಯ ಸಣ್ಣ ಅಕ್ಷರದಲ್ಲೇ ಇರುತ್ತದೆ.

1941ರ ಒಂದು ಕಾಯ್ದೆ

ಅಮೆರಿಕದ ಸೇನೆ ಒಂದು ಕಡೆ ಬೀಡುಬಿಟ್ಟರೆ ಅಡುಗೆ, ಲಾಂಡ್ರಿ, ವಿದ್ಯುತ್, ಪ್ಲಂಬಿಂಗ್, ಲಾರಿ ಓಡಿಸುವುದು ಇವನ್ನೆಲ್ಲ ಬಹುಪಾಲು ಮಾಡುವವರು ಸೈನಿಕರಲ್ಲ. ಗುತ್ತಿಗೆದಾರರು, ಅವರ ಕೆಳಗೆ ಉಪಗುತ್ತಿಗೆದಾರರು, ಅವರ ಕೆಳಗೆ ನಮ್ಮಂಥ ಊರುಗಳಿಂದ ಹೋದವರು. 2011ರ ಮಾರ್ಚಿನಲ್ಲಿ ಇರಾಕ್‌ನಲ್ಲಿ ಅಮೆರಿಕದ ಸೈನಿಕರು ಸುಮಾರು 45 ಸಾವಿರ ಇದ್ದರೆ, ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸಗಾರರು ಸುಮಾರು 64 ಸಾವಿರ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಮೆರಿಕದವರೂ ಅಲ್ಲ, ಇರಾಕಿನವರೂ ಅಲ್ಲ, ಮೂರನೇ ದೇಶದವರು.

ಇಂಥವರಿಗಾಗಿಯೇ ಒಂದು ಕಾಯ್ದೆ ಇದೆ: ಡಿಫೆನ್ಸ್ ಬೇಸ್ ಆ್ಯಕ್ಟ್, ಚಿಕ್ಕದಾಗಿ ಡಿಬಿಎ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಹೊರದೇಶಗಳಲ್ಲಿ ನೆಲೆಗಳನ್ನು ಕಟ್ಟಲು ಆರಂಭಿಸಿದಾಗ, 1941ರ ಆಗಸ್ಟಿನಲ್ಲಿ ಬಂದದ್ದು. ಬಂದರು ಕಾರ್ಮಿಕರಿಗಾಗಿ 1927ರಲ್ಲಿ ಮಾಡಿದ್ದ ಪರಿಹಾರ ಕಾಯ್ದೆಯನ್ನೇ ಇದು ಸಾಗರದಾಚೆಗೂ ವಿಸ್ತರಿಸುತ್ತದೆ. ಹೊರದೇಶದ ಅಮೆರಿಕನ್ ಸೇನಾನೆಲೆಯಲ್ಲಿ ಅಥವಾ ಅಮೆರಿಕ ಸರ್ಕಾರದ ಗುತ್ತಿಗೆಯ ಕಾಮಗಾರಿಯಲ್ಲಿ ದುಡಿಯುವ ನಾಗರಿಕ ಗಾಯಗೊಂಡರೆ, ಕಾಯಿಲೆ ಬಿದ್ದರೆ ಅಥವಾ ಸತ್ತರೆ ಪರಿಹಾರ ಕೊಡಲೇಬೇಕು. ಮುಖ್ಯ ಮಾತು ಇದು: ಕೆಲಸಗಾರ ಯಾವ ದೇಶದವನು ಎಂಬುದು ಲೆಕ್ಕಕ್ಕಿಲ್ಲ. ಕೆಲವು ದೇಶಗಳ ಮಟ್ಟಿಗೆ ಅಮೆರಿಕ ವಿನಾಯಿತಿ ಕೊಟ್ಟು ‘ಅಲ್ಲಿನ ಸ್ಥಳೀಯ ಕಾನೂನು ಸಾಕು’ ಎಂದಿರುವುದುಂಟು. ಅದನ್ನು ಮೊದಲೇ ವಿಚಾರಿಸಬೇಕು.

ಪ್ರತಿ ಗುತ್ತಿಗೆದಾರನೂ ಇದಕ್ಕಾಗಿ ವಿಮೆ ಮಾಡಿಸಲೇಬೇಕು. ಮಾಡಿಸದಿದ್ದರೆ ಅಪರಾಧ, 10 ಸಾವಿರ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಉಪಗುತ್ತಿಗೆದಾರ ಕೈಕೊಟ್ಟರೆ ಜವಾಬ್ದಾರಿ ಮೇಲಿನ ಮುಖ್ಯ ಗುತ್ತಿಗೆದಾರನ ಮೇಲೆ ಬೀಳುತ್ತದೆ. ತಪ್ಪು ಯಾರದು ಎಂದು ಕೇಳುವುದಿಲ್ಲ, ಕೆಲಸಕ್ಕೂ ಗಾಯಕ್ಕೂ ಸಂಬಂಧ ಇದ್ದರೆ ಸಾಕು. ಸ್ಫೋಟದ ಗಾಯವೇ ಆಗಬೇಕೆಂದಿಲ್ಲ. ಏಣಿಯಿಂದ ಬಿದ್ದದ್ದು, ಬೆನ್ನು ಹಿಡಿದದ್ದು, ರಾಕೆಟ್ ದಾಳಿಗಳ ಬಳಿಕ ನಿದ್ದೆ ಬಾರದ ಮಾನಸಿಕ ಆಘಾತ, ಎಲ್ಲವೂ ಬರುತ್ತದೆ. ಕಿವಿ ಕೆಟ್ಟದ್ದೂ ಬರುತ್ತದೆ.

ಇನ್ನು ಮಾವ ಹಾಕಿದ ಸಹಿ? ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಕೆಲಸಗಾರ ಸಹಿ ಹಾಕಿದ ಒಪ್ಪಂದಕ್ಕೆ ಬೆಲೆ ಇಲ್ಲ ಎಂದು ಕಾಯ್ದೆ ನೇರವಾಗಿ ಹೇಳುತ್ತದೆ. ರಾಜಿಯಾದರೂ ಅದಕ್ಕೆ ಅಮೆರಿಕದ ಕಾರ್ಮಿಕ ಇಲಾಖೆಯ ಒಪ್ಪಿಗೆ ಬೇಕು. ಈ ಸಾಲು ಓದಿದ ರಾತ್ರಿ ನಾನು ಮಾವನಿಗೆ ಫೋನ್ ಮಾಡಿದೆ. ಎರಡು ಸಲ ಕೂಗಿ ಹೇಳಿದೆ. ಮೂರನೇ ಸಲ ಅತ್ತೆಯ ಕೈಗೆ ಫೋನ್ ಕೊಡಿಸಿ ಹೇಳಿದೆ.

ಹೆಬ್ಬೆರಳಿಗೆ 75 ವಾರ

ಪರಿಹಾರದ ಲೆಕ್ಕ ಸರಳ. ಕೆಲಸ ಮಾಡಲು ಆಗದಿದ್ದಷ್ಟು ಕಾಲ ಸರಾಸರಿ ವಾರದ ಸಂಬಳದ ಮೂರನೇ ಎರಡು ಭಾಗ. ಜೊತೆಗೆ ಆ ಗಾಯದ ಚಿಕಿತ್ಸೆಯ ಖರ್ಚು. ವೈದ್ಯರನ್ನು ಆರಿಸುವ ಹಕ್ಕು ಕೆಲಸಗಾರನದು, ಊರಿಗೆ ಬಂದ ಮೇಲೆ ಇಲ್ಲಿಯ ವೈದ್ಯರೂ ಆಗಬಹುದು. ಸತ್ತರೆ ಹೆಂಡತಿಗೆ ಸಂಬಳದ ಅರ್ಧ, ಮಕ್ಕಳೂ ಇದ್ದರೆ ಒಟ್ಟು ಮೂರನೇ ಎರಡು ಭಾಗ.

ಅಂಗ ಕಳೆದುಕೊಂಡರೆ ಒಂದು ಪಟ್ಟಿಯೇ ಇದೆ. ತೋಳಿಗೆ 312 ವಾರ, ಕಾಲಿಗೆ 288, ಅಂಗೈಗೆ 244, ಪಾದಕ್ಕೆ 205, ಕಣ್ಣಿಗೆ 160, ಹೆಬ್ಬೆರಳಿಗೆ 75, ತೋರುಬೆರಳಿಗೆ 46. ವಾರಕ್ಕೆ 150 ಡಾಲರ್ ದುಡಿಯುವವನಿಗೆ ಮೂರನೇ ಎರಡು ಭಾಗ ಎಂದರೆ 100 ಡಾಲರ್. ಹೆಬ್ಬೆರಳು ಹೋದರೆ 7,500 ಡಾಲರ್, ಕಾಲು ಹೋದರೆ 28,800. ಮನುಷ್ಯನ ದೇಹಕ್ಕೆ ಹೀಗೆ ದರಪಟ್ಟಿ ಹಾಕಿದ್ದನ್ನು ಮೊದಲ ಸಲ ನೋಡಿದಾಗ ಹೊಟ್ಟೆ ತೊಳೆಸಿದಂತಾಯಿತು. ಆದರೆ ಪಟ್ಟಿ ಇರುವುದು ಗೊತ್ತಿಲ್ಲದೆ ಬರಿಗೈಯಲ್ಲಿ ಬಂದವರಿಗೆ ಅದಕ್ಕಿಂತ ದೊಡ್ಡ ಅನ್ಯಾಯವಾಗಿದೆ.

ಎರಡೂ ಕಿವಿ ಪೂರ್ತಿ ಕೇಳಿಸದಾದರೆ 200 ವಾರ. ಭಾಗಶಃ ಕೆಟ್ಟಿದ್ದರೆ ಅಷ್ಟು ಪಾಲು.

ಗಡುವು ಯಾವಾಗಿನಿಂದ?

ಇಲ್ಲೇ ಹೆಚ್ಚಿನವರು ಸೋಲುವುದು. ಗಾಯವಾದ ಅಥವಾ ಅದು ಕೆಲಸದಿಂದ ಆದದ್ದು ಎಂದು ತಿಳಿದ 30 ದಿನಗಳೊಳಗೆ ಕಂಪೆನಿಗೆ ಬರಹದಲ್ಲಿ ತಿಳಿಸಬೇಕು. ಒಂದು ವರ್ಷದೊಳಗೆ ಕಾರ್ಮಿಕ ಇಲಾಖೆಗೆ ಪರಿಹಾರದ ಅರ್ಜಿ ಹಾಕಬೇಕು. ಉದ್ಯೋಗದಿಂದ ಬಂದ ಕಾಯಿಲೆಗಾದರೆ ಎರಡು ವರ್ಷ. ತಿಳಿಸುವ ಫಾರ್ಮ್ ಎಲ್‌ಎಸ್ 201, ಅರ್ಜಿಯ ಫಾರ್ಮ್ ಎಲ್‌ಎಸ್ 203, ಸಾವಿನ ಪ್ರಕರಣದಲ್ಲಿ ಎಲ್‌ಎಸ್ 262. ಎಲ್ಲವೂ ಉಚಿತ. ವಕೀಲರು ತಮಗೆ ತೋಚಿದಷ್ಟು ಶುಲ್ಕ ಕೀಳುವಂತಿಲ್ಲ, ಶುಲ್ಕಕ್ಕೂ ಅಧಿಕಾರಿಯ ಒಪ್ಪಿಗೆ ಬೇಕು.

ಆದರೆ ವರ್ಷ ದಾಟಿತೆಂದು ಕೈಚೆಲ್ಲುವ ಮೊದಲು ಎರಡು ವಿಷಯ ನೋಡಬೇಕು. ಒಂದು, ಗಾಯದ ವಿಷಯ ಗೊತ್ತಿದ್ದೂ ಕಂಪೆನಿ ಇಲಾಖೆಗೆ ವರದಿ ಸಲ್ಲಿಸದಿದ್ದರೆ, ಸಲ್ಲಿಸುವವರೆಗೆ ಅರ್ಜಿಯ ಗಡುವು ಆರಂಭವಾಗುವುದೇ ಇಲ್ಲ. ಎರಡು, ಕಿವಿಗೆ ವಿಶೇಷ ನಿಯಮವಿದೆ. ಕಿವಿ ಎಂದು ಕೆಟ್ಟಿತು ಎಂದು ಹೇಳುವುದು ಕಷ್ಟ, ಅದು ದಿನ ದಿನ ಸವೆಯುವಂಥದ್ದು. ಆದ್ದರಿಂದ ಶ್ರವಣದೋಷವಿದೆ ಎಂದು ತೋರಿಸುವ ಆಡಿಯೋಗ್ರಾಮ್ ಮತ್ತು ಅದರ ವರದಿ ಕೆಲಸಗಾರನ ಕೈಸೇರಿದ ಮೇಲೆಯೇ ದಿನಗಳ ಎಣಿಕೆ ಶುರು.

ಮಾವ ಈವರೆಗೆ ಒಂದೇ ಒಂದು ಸಲವೂ ಕಿವಿ ಪರೀಕ್ಷೆ ಮಾಡಿಸಿರಲಿಲ್ಲ.

ಅರ್ಧಕ್ಕೆ ಇಳಿಯುವ ಬೆಲೆ

ಕಾಯ್ದೆಯನ್ನು ಹೊಗಳಿ ಮುಗಿಸಿದರೆ ನಾನು ಅರ್ಧ ಮಾತ್ರ ಓದಿದಂತೆ. ಅದರೊಳಗೇ ಒಂದು ಕಹಿ ಸಾಲಿದೆ. ಅಮೆರಿಕ ಅಥವಾ ಕೆನಡಾದಲ್ಲಿ ವಾಸಿಸದ ವಿದೇಶೀಯರಿಗೆ ಸಾವಿನ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಪರಿಹಾರ ಕಂತಿನಲ್ಲಿ ಸಿಗುತ್ತಿರುವಾಗ, ವಿಮಾ ಕಂಪೆನಿ ಅರ್ಜಿ ಹಾಕಿದರೆ, ಮುಂದಿನ ಎಲ್ಲ ಕಂತುಗಳ ಇಂದಿನ ಮೌಲ್ಯ ಲೆಕ್ಕ ಹಾಕಿ ಅದರ ಅರ್ಧವನ್ನು ಒಮ್ಮೆಗೇ ಕೊಟ್ಟು ಕೈತೊಳೆದುಕೊಳ್ಳಬಹುದು. ಅದೇ ಬಾಂಬಿಗೆ ಪಕ್ಕದಲ್ಲಿ ನಿಂತ ಅಮೆರಿಕನ್ ಸತ್ತರೆ ಅವನ ಹೆಂಡತಿಗೆ ಪೂರ್ತಿ, ಬೆಳ್ತಂಗಡಿಯವನು ಸತ್ತರೆ ಅರ್ಧ. (ಮಾವನ ಕಿವಿ ಮೇಲಿನ ಪಟ್ಟಿಯೊಳಗಿನದು, ಅದಕ್ಕೆ ಈ ಅರ್ಧದ ನಿಯಮ ತಾಗುವುದಿಲ್ಲ.) ವಿಚಿತ್ರವೆಂದರೆ, ಯುದ್ಧದಿಂದಲೇ ಆದ ಗಾಯ ಅಥವಾ ಸಾವಾದರೆ 1942ರ ಇನ್ನೊಂದು ಕಾಯ್ದೆಯಂತೆ ವಿಮಾ ಕಂಪೆನಿ ಕೊಟ್ಟ ಹಣವನ್ನು ಅಮೆರಿಕ ಸರ್ಕಾರ ತುಂಬಿಕೊಡುತ್ತದೆ.

ಇದಕ್ಕಿಂತಲೂ ದೊಡ್ಡ ಸಮಸ್ಯೆ, ಕಾಯ್ದೆ ಇದೆ ಎಂದು ಯಾರೂ ಹೇಳದಿರುವುದು. 2004ರಲ್ಲಿ ನೇಪಾಳದ ಹನ್ನೆರಡು ಮಂದಿ ಯುವಕರು ಜೋರ್ಡಾನಿನಲ್ಲಿ ಕೆಲಸ ಎಂದು ಹೋದರು. ಅಮ್ಮಾನಿನ ಹೋಟೆಲಿನಲ್ಲಿ ಕೆಲಸ ಎಂದು ಹಲವರಿಗೆ ಹೇಳಲಾಗಿತ್ತು. ಅವರನ್ನು ಇರಾಕ್‌ನ ಅಮೆರಿಕನ್ ವಾಯುನೆಲೆಗೆ ಸಾಗಿಸುತ್ತಿದ್ದಾಗ ದಾರಿಯಲ್ಲಿ ಉಗ್ರರು ಅಪಹರಿಸಿ ಆಗಸ್ಟಿನಲ್ಲಿ ಕೊಂದರು. ಮರುವರ್ಷ ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ ಆ ಯುವಕರು ಹೋದ ದಾರಿಯನ್ನೇ ಹಿಂಬಾಲಿಸಿ ಬರೆಯಿತು. ಬಳಿಕ ಅಮೆರಿಕದ ವಕೀಲರು ಕುಟುಂಬಗಳ ಪರ ನಿಂತರು. 2008ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ನ್ಯಾಯಾಧೀಶರು ಇದೇ ಕಾಯ್ದೆಯಡಿ ಪರಿಹಾರಕ್ಕೆ ಆದೇಶಿಸಿದರು. ಕೆಲಸದ ಜಾಗವನ್ನೇ ತಲುಪದ, ದಾರಿಯಲ್ಲೇ ಸತ್ತವರಿಗೂ ಪರಿಹಾರ ಸಿಕ್ಕಿತು ಎಂಬುದನ್ನು ಗಮನಿಸಿ.

ಇದರ ಪಕ್ಕದಲ್ಲಿ ನಮ್ಮದೇ ದೇಶದ 39 ಮಂದಿಯನ್ನು ಇಟ್ಟು ನೋಡಿ. 2014ರ ಜೂನ್‌ನಲ್ಲಿ ಇರಾಕ್‌ನ ಮೊಸುಲ್‌ನಲ್ಲಿ ಐಸಿಸ್ ಅಪಹರಿಸಿದ ಕಟ್ಟಡ ಕಾರ್ಮಿಕರು, ಹೆಚ್ಚಿನವರು ಪಂಜಾಬಿನವರು. ಅವರು ಸತ್ತದ್ದು ಖಚಿತವಾದದ್ದು 2018ರ ಮಾರ್ಚಿನಲ್ಲಿ. ಅವರು ಇದ್ದದ್ದು ಇರಾಕಿನದೇ ಕಂಪೆನಿಯಲ್ಲಿ. ಹಾಗಾಗಿ ಡಿಬಿಎ ಇಲ್ಲ. ಅವರು ಅಲ್ಲಿಗೆ ಹೋದದ್ದಕ್ಕೆ ನಮ್ಮ ರಾಯಭಾರ ಕಚೇರಿಯಲ್ಲಿ ದಾಖಲೆಯೂ ಇರಲಿಲ್ಲ. ಕೊನೆಗೆ ಕುಟುಂಬಗಳಿಗೆ ಕೇಂದ್ರ ಸರ್ಕಾರ ತಲಾ 10 ಲಕ್ಷ ರೂಪಾಯಿ ಘೋಷಿಸಿತು. ಅದು ಸರ್ಕಾರ ಮನಸ್ಸು ಮಾಡಿ ಕೊಟ್ಟದ್ದು. ಕೇಳಿ ಪಡೆಯುವ ಹಕ್ಕು ಅವರ ಕೈಯಲ್ಲಿರಲಿಲ್ಲ.

ಒಂದೇ ದೇಶ, ಒಂದೇ ಬಗೆಯ ಸಾವು. ವ್ಯತ್ಯಾಸವೆಲ್ಲ ಇದ್ದದ್ದು ಗುತ್ತಿಗೆ ಯಾರದು ಎಂಬಲ್ಲಿ.

ಬಿಇ ಓದಿದವರಿಗೆ ಏನು?

‘ಇದೆಲ್ಲ ಹಳೆಯ ಯುದ್ಧಗಳ ಕತೆ’ ಎಂದು ನನ್ನ ಗೆಳೆಯ ಹೇಳಿದ. ಹಾಗಲ್ಲ. ಸೆಕ್ಯೂರಿಟಿ, ಸಹಾಯಕ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಗಡಿಯ ಯುದ್ಧದಲ್ಲಿ ಸಿಲುಕಿದ್ದು 2024ರಲ್ಲಿ. ನಮ್ಮ ಕರಾವಳಿಯ ಎಷ್ಟೋ ಮಂದಿ ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಅಲ್ಲಿ ದಾಳಿಗೆ ಗುರಿಯಾದವರಿಗೆ ಪರಿಹಾರ ಕೊಡುವ 1970ರ ಕಾನೂನು ಇದೆ, ಕಾನೂನುಬದ್ಧವಾಗಿ ದೇಶದೊಳಗೆ ಬಂದ ವಿದೇಶೀಯರಿಗೂ ಅದು ಅನ್ವಯಿಸುತ್ತದೆ. ಒಂದೊಂದು ದೇಶಕ್ಕೆ ಒಂದೊಂದು ಬಾಗಿಲು. ಯಾವ ಬಾಗಿಲು ತಟ್ಟಬೇಕೆಂದು ಹೊರಡುವಾಗಲೇ ತಿಳಿದಿರಬೇಕು.

ನಮ್ಮಲ್ಲಿ 1983ರ ವಲಸೆ ಕಾಯ್ದೆ ಇದೆ. ಎಸ್ಸೆಸ್ಸೆಲ್ಸಿ ದಾಟದವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದು. ಅಫ್ಘಾನಿಸ್ತಾನ, ಇರಾಕ್, ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ಸರ್ಕಾರದ ಅನುಮತಿ ಬೇಕು, ಜೊತೆಗೆ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷದ ಕಂತು ಬರೀ 275 ರೂಪಾಯಿ, ತೆರಿಗೆ ಬೇರೆ. ನಮ್ಮಂಥ ಡಿಪ್ಲೊಮಾ, ಬಿಇ ಓದಿದವರ ಪಾಸ್‌ಪೋರ್ಟಿಗೆ ಆ ತಪಾಸಣೆಯಿಲ್ಲ. ಓದಿದವರು, ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ. ಮಾವನದೂ ಅಂಥದೇ ಪಾಸ್‌ಪೋರ್ಟ್. ಏಜೆಂಟ್ ತೋರಿಸಿದಲ್ಲಿ ಸಹಿ ಹಾಕಿ ಹೋದರು.

ಹೊರಡುವ ಮೊದಲು

ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆ ದುಡ್ಡಿನಿಂದಲೇ ಅಜ್ಜಿಮನೆಗೆ ಹಂಚು ಹೋಗಿ ತಾರಸಿ ಬಂದದ್ದು. ಹೋಗುವುದಾದರೆ ಇಷ್ಟು ಮಾಡಿ:

• ಏಜೆಂಟ್ ನೋಂದಾಯಿತನೇ ಎಂದು ಕೇಂದ್ರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಶುಲ್ಕದ ಮಿತಿ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ. ಅಮೆರಿಕ ಸರ್ಕಾರದ ಗುತ್ತಿಗೆಯಾದರೆ ಕೆಲಸಗಾರನಿಂದ ನೇಮಕಾತಿ ಶುಲ್ಕ ಪಡೆಯುವುದಕ್ಕೂ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದಕ್ಕೂ ಅದರ ನಿಯಮದಲ್ಲೇ ನಿಷೇಧವಿದೆ.

• ಮೂರು ಹೆಸರು ಬರೆದುಕೊಳ್ಳಿ: ನಿಮ್ಮ ಕಂಪೆನಿ, ಅದರ ಮೇಲಿನ ಮುಖ್ಯ ಗುತ್ತಿಗೆದಾರ, ಡಿಬಿಎ ವಿಮಾ ಕಂಪೆನಿ. ‘ವಿಮೆ ಇದೆ’ ಎಂಬ ಬಾಯಿಮಾತು ಸಾಲದು.

• ಒಪ್ಪಂದ, ಸಂಬಳದ ಚೀಟಿ, ಗುರುತಿನ ಚೀಟಿಯ ಫೋಟೊ ತೆಗೆದು ಮನೆಯವರಿಗೂ ಕಳಿಸಿಡಿ. ಸೇನಾನೆಲೆಯೊಳಗೆ ಫೋಟೊ ತೆಗೆಯಲು ನಿರ್ಬಂಧವಿದ್ದೀತು, ಆದ್ದರಿಂದ ವಿಮಾನ ಹತ್ತುವ ಮೊದಲೇ ಆದಷ್ಟು ಮಾಡಿ.

• ಹೊರಡುವ ಮುಂಚೆ ಕಿವಿ, ಕಣ್ಣು, ಶ್ವಾಸಕೋಶದ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಹೋಗುವಾಗ ಸರಿಯಿತ್ತು ಎನ್ನಲು ಅದೇ ಸಾಕ್ಷಿ.

• ಗಾಯವಾದರೆ ಅಂದೇ ಇಮೇಲ್ ಮಾಡಿ. ಸೂಪರ್‌ವೈಸರ್‌ಗೆ ಬಾಯಲ್ಲಿ ಹೇಳಿದ್ದಕ್ಕೆ ದಿನಾಂಕ ಇರುವುದಿಲ್ಲ.

ವರದಿ ಬಂದ ದಿನ

ಕಳೆದ ತಿಂಗಳು ಮಾವನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಗಾಜಿನ ಕೋಣೆಯೊಳಗೆ ಹೆಡ್‌ಫೋನ್ ಹಾಕಿ ಕೂತು, ಶಬ್ದ ಕೇಳಿದಾಗ ಬಟನ್ ಒತ್ತಬೇಕು. ಹೊರಗೆ ನಿಂತ ನನಗೆ ಯಂತ್ರದ ದೀಪ ಕಾಣುತ್ತಿತ್ತು. ದೀಪ ಬೆಳಗುತ್ತಿತ್ತು, ಮಾವ ಒತ್ತುತ್ತಿರಲಿಲ್ಲ. ಮತ್ತೆ ಬೆಳಗುತ್ತಿತ್ತು, ಮತ್ತೆ ಒತ್ತುತ್ತಿರಲಿಲ್ಲ. ಅವರು ಮಾತ್ರ ಎಲ್ಲ ಸರಿಯಿದೆ ಎಂಬಂತೆ ನನ್ನತ್ತ ನೋಡಿ ನಕ್ಕರು.

ವರದಿಯಲ್ಲಿ ಎರಡೂ ಕಿವಿ ಸೇರಿ 35 ಶೇಕಡಾ ನಷ್ಟ, ಗ್ರಾಫ್ 4 ಸಾವಿರ ಹರ್ಟ್ಸ್ ಬಳಿ ಆಳಕ್ಕೆ ಇಳಿದಿತ್ತು. ಶಬ್ದದಿಂದ ಕೆಟ್ಟ ಕಿವಿಯ ಗುರುತು ಅದು ಎಂದರು ವೈದ್ಯರು. 200 ವಾರದ 35 ಶೇಕಡಾ ಎಂದರೆ 70 ವಾರ. ಮಾವನ ಸಂಬಳಕ್ಕೆ ಲೆಕ್ಕ ಹಾಕಿದರೆ ಸುಮಾರು 7,500 ಡಾಲರ್. ಶ್ರವಣ ಸಾಧನದ ಖರ್ಚು ಬೇರೆ.

ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ. ವಿಮಾ ಕಂಪೆನಿ ‘ಇಷ್ಟು ವರ್ಷ ಏನು ಮಾಡುತ್ತಿದ್ದಿರಿ’ ಎಂದು ಕೇಳಿಯೇ ಕೇಳುತ್ತದೆ, ವಯಸ್ಸಾದದ್ದಕ್ಕೆ ಕಿವಿ ಮಂದವಾಗಿದೆ ಎನ್ನುತ್ತದೆ. ಸದ್ಯ ನಮ್ಮ ಬಳಿ ಇರುವುದು ಹಳೆಯ ಒಪ್ಪಂದದ ಮಾಸಿದ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಮತ್ತು ಅತ್ತೆ ದೇವರ ಕೋಣೆಯ ಪಕ್ಕ ಕಟ್ಟು ಹಾಕಿಸಿ ತೂಗುಹಾಕಿದ್ದ ಒಂದು ಪ್ರಶಂಸಾಪತ್ರ. ಅದರಲ್ಲಿ ಮಾವನ ಹೆಸರು, ನೆಲೆಯ ಹೆಸರು, ದಿನಾಂಕ, ಕೆಳಗೆ ಸೇನಾಧಿಕಾರಿಯ ಸಹಿ ಎಲ್ಲವೂ ಇದೆ. ಇಷ್ಟು ವರ್ಷ ಅಲಂಕಾರಕ್ಕಿದ್ದದ್ದು ಈಗ ಸಾಕ್ಷಿಯಾಯಿತು. ಕಟ್ಟು ಬಿಚ್ಚಿ ಸ್ಕ್ಯಾನ್ ಮಾಡಿಸಿದ್ದೇವೆ. ಎಲ್‌ಎಸ್ 201 ಕಳಿಸಿ ಆಗಿದೆ.

ಅಜ್ಜಿಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ವರದಿ ಕೈಸೇರಿದ ದಿನಕ್ಕೆ ಮಾವ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ. ಮೂವತ್ತನೇ ದಿನಕ್ಕೂ ಹಾಕಿದ್ದಾರೆ. ವರ್ಷ ತುಂಬುವ ದಿನ ಆ ಕ್ಯಾಲೆಂಡರಿನಲ್ಲಿ ಇಲ್ಲ, ಅದನ್ನು ಗೋಡೆಯ ಮೇಲೆಯೇ ಬರೆದಿದ್ದಾರೆ.